ಮಹಾವೀರಾಚಾರ್ಯರ ಸಂಖ್ಯಾಹಾರವನ್ನು ಕೌದಿಗೆ ಹೊಲಿಯುವುದು ಹೇಗೆ?

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದರೆ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಅಮೋಘವರ್ಷ ನೃಪತುಂಗ 814ರಿಂದ 878ರವರೆಗೆ ಆಳಿದ್ದು ಇಲ್ಲಿಂದ. ಆ ಅರಸನನ್ನು ಹೊಗಳಿ ಆರಂಭವಾಗುವ ಒಂದು ಗಣಿತ ಗ್ರಂಥವಿದೆ: ಮಹಾವೀರಾಚಾರ್ಯರು ಸುಮಾರು 850ರಲ್ಲಿ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’. ಗುಣಾಕಾರ ಕಲಿಸುವ ಭಾಗದಲ್ಲಿ ಆಚಾರ್ಯರು ಒಂದು ಚೆಂದದ ಆಟ ಹೂಡಿದ್ದಾರೆ. ನೀರಸವಾಗಿ ಕಾಣುವ ಎರಡು ಸಂಖ್ಯೆಗಳನ್ನು ಕೊಟ್ಟು ಗುಣಿಸಲು ಹೇಳುತ್ತಾರೆ. ಉತ್ತರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುತ್ತದೆ. ಇಂತಹ ಉತ್ತರಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ.

139ನ್ನು 109ರಿಂದ ಗುಣಿಸಿ, 15151 ಬರುತ್ತದೆ. 333333666667ನ್ನು 33ರಿಂದ ಗುಣಿಸಿದರೆ 11000011000011. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 27994681 × 441. ಉತ್ತರ 12345654321. ಒಂದರಿಂದ ಆರರವರೆಗೆ ಏರಿ, ಅದೇ ಮೆಟ್ಟಿಲುಗಳಲ್ಲಿ ಇಳಿಯುವ ಹಾರ. ಅಂಗಡಿಯ ಸಣ್ಣ ಕ್ಯಾಲ್ಕುಲೇಟರಿನಲ್ಲಿ ಅಂಕಿಗಳು ಹಿಡಿಸುವುದಿಲ್ಲ, ಮೊಬೈಲಿನಲ್ಲಿ ಮಾಡಿ ನೋಡಿ.

ಈ ಮಾರ್ಗದರ್ಶಿಯಲ್ಲಿ ಹೊಲಿಯಲಿರುವುದು ಆ ಹಾರವನ್ನು. ಗಣಿತ ಮತ್ತು ಕರಕುಶಲ ಎಂದೊಡನೆ ಶಂಖದ ಸುರುಳಿಯ ಚಿತ್ರವನ್ನು ಬಟ್ಟೆಯ ಮೇಲೆ ಅಚ್ಚು ಹಾಕಿಸಿ ಮಾರುವವರಿದ್ದಾರೆ. ಅದರಲ್ಲಿ ಗಣಿತವೂ ಇಲ್ಲ, ಕುಶಲವೂ ಇಲ್ಲ. ಸಂಖ್ಯೆ ಬಟ್ಟೆಯ ಮೇಲೆ ಅಂಟಿ ಕೂರಬಾರದು. ಎಷ್ಟು ಕತ್ತರಿಸಬೇಕು, ಎಲ್ಲಿ ತಿರುಗಿಸಬೇಕು, ಮೂಲೆ ಹೇಗೆ ಮುಗಿಯಬೇಕು ಎಂಬುದನ್ನೆಲ್ಲ ಅದೇ ತೀರ್ಮಾನಿಸಬೇಕು. ಕೌದಿ ಅದಕ್ಕೆ ಹೇಳಿ ಮಾಡಿಸಿದ ವಸ್ತು. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿನ ಕಡೆಗೆ ಸಾಲು ಹೊಲಿಗೆ ಹಾಕುತ್ತಾ ಹೋಗುವ ಈ ಕೆಲಸದಲ್ಲಿ ಎಣಿಕೆ ಮೊದಲಿನಿಂದಲೂ ಇದೆ.

ಮೊದಲು ತೊಗರಿಕಾಳಿನ ಲೆಕ್ಕ

ಕತ್ತರಿ ಹಿಡಿಯುವ ಮುನ್ನ ಒಂದು ಹಿಡಿ ತೊಗರಿಕಾಳು ತೆಗೆದುಕೊಳ್ಳಿ. ಕಲಬುರಗಿಯಲ್ಲಿ ಅದಕ್ಕೇನೂ ಬರವಿಲ್ಲ.

441 ಎಂದರೆ 21 × 21. 27994681 ಎಂದರೆ 5291 × 5291. ಇನ್ನು 21 × 5291 ಎಷ್ಟು? 111111. ಅಂದರೆ ಆಚಾರ್ಯರು ನಮ್ಮ ಕೈಯಲ್ಲಿ ಮಾಡಿಸಿದ್ದು 111111ರ ವರ್ಗವನ್ನು, ಗುರುತು ಸಿಗದಂತೆ ವೇಷ ಹಾಕಿಸಿ. ಈಗ ಶಾಲೆಯಲ್ಲಿ ಕಲಿತ ಹಾಗೆ 111111ನ್ನು 111111ರಿಂದ ಉದ್ದಕ್ಕೆ ಗುಣಿಸಿ. ಆರು ಸಾಲು ಬರುತ್ತವೆ, ಪ್ರತಿ ಸಾಲಿನಲ್ಲೂ ಆರು ಒಂದುಗಳು, ಪ್ರತಿ ಸಾಲೂ ಮೇಲಿನದಕ್ಕಿಂತ ಒಂದು ಮನೆ ಎಡಕ್ಕೆ ಸರಿದಿರುತ್ತದೆ. ಒಂದರ ಜಾಗದಲ್ಲಿ ಒಂದೊಂದು ಕಾಳಿಟ್ಟು ನೋಡಿ. ಓರೆಯಾಗಿ ಜಾರಿದ ಒಂದು ಪಟ್ಟಿ ಕಾಣುತ್ತದೆ. ಅದರ ಕಂಬಗಳನ್ನು ಮೇಲಿನಿಂದ ಕೆಳಗೆ ಎಣಿಸಿದರೆ 1, 2, 3, 4, 5, 6, 5, 4, 3, 2, 1. ಯಾವ ಕಂಬವೂ ಹತ್ತು ಮುಟ್ಟದ ಕಾರಣ ದಶಕ ಕೈಯಲ್ಲಿ ಉಳಿಯುವುದಿಲ್ಲ, ಹಾರ ಕೆಡುವುದಿಲ್ಲ.

ಆ ಕಂಬಗಳನ್ನೆಲ್ಲ ಕೆಳಗೆ ಒಂದೇ ಗೆರೆಗೆ ಇಳಿಸಿ. ಓರೆ ಪಟ್ಟಿ ಹೋಗಿ ಮೆಟ್ಟಿಲಿನ ಗೋಪುರ ನಿಲ್ಲುತ್ತದೆ. ಈಗ ಅಡ್ಡ ಸಾಲುಗಳನ್ನು ಎಣಿಸಿ. ಬುಡದಲ್ಲಿ 11, ಅದರ ಮೇಲೆ 9, ಮತ್ತೆ 7, 5, 3, ತುದಿಯಲ್ಲಿ 1. ಬೆಸ ಸಂಖ್ಯೆಗಳು ಒಂದನ್ನೂ ಬಿಡದೆ ಬಂದಿವೆ. ಕೂಡಿದರೆ 36, ಅಂದರೆ ಆರಾರಲೆ ಮೂವತ್ತಾರು. ಕೌದಿಯ ಮೂಲೆ ತಿರುಗಿಸುವಾಗ ಈ ಮಾತು ಮತ್ತೆ ಬೇಕಾಗುತ್ತದೆ.

ಗೋಪುರಗಳ ನಡುವೆ ಒಂದು ಸೊನ್ನೆ

ಸೀರೆಯ ದಡಿಯಲ್ಲಿ ಇರುವ ಹಾಗೆ ಗೋಪುರಗಳನ್ನು ಸಾಲಾಗಿ ನಿಲ್ಲಿಸಬೇಕು. ಒಂದಕ್ಕೊಂದು ಅಂಟಿಸಿ ನಿಲ್ಲಿಸಿದರೆ ನಡುವಿನ ಖಾಲಿ ಜಾಗ ಬುಡದಿಂದ ಮೇಲಕ್ಕೆ 0, 2, 4, 6, 8, 10 ಚೌಕ ಆಗುತ್ತದೆ, ಒಟ್ಟು 30. ಗೋಪುರದಲ್ಲಿ 36, ಖಾಲಿಯಲ್ಲಿ 30. ಕಣ್ಣಿಗೆ ಏನೋ ಒಂದು ಕಡೆ ತೂಗಿದಂತೆ ಕಾಣುತ್ತದೆ.

ಎರಡು ಗೋಪುರಗಳ ನಡುವೆ ಒಂದೇ ಒಂದು ಕಂಬದಷ್ಟು ಜಾಗ ಬಿಡಿ. ಅಂದರೆ ಹಾರದ ಕೊನೆಗೆ ಒಂದು ಸೊನ್ನೆ ಸೇರಿಸಿ: 1 2 3 4 5 6 5 4 3 2 1 0. ಈಗ ಖಾಲಿ ಜಾಗ ಬುಡದಿಂದ 1, 3, 5, 7, 9, 11. ಅದೂ ಮೂವತ್ತಾರೇ. ಖಾಲಿ ಜಾಗವೆಲ್ಲ ತಲೆಕೆಳಗಾಗಿ ನಿಂತ ಇನ್ನೊಂದು ಗೋಪುರವಾಗಿ ಬಿಡುತ್ತದೆ. ಪ್ರತಿ ಅಂಕಿಯನ್ನೂ ಆರರಿಂದ ಕಳೆದು ನೋಡಿದರೆ ಕಾರಣ ತಿಳಿಯುತ್ತದೆ. ಬರುವುದು ಅದೇ ಸಾಲು, ಆರು ಮನೆ ಸರಿದಿರುತ್ತದೆ ಅಷ್ಟೇ. ಹೊಲಿಯುವವರಿಗೆ ಇದರ ಲಾಭವೆಂದರೆ ತಲೆಕೆಳಗಾದ ಗೋಪುರಕ್ಕೆ ಒಂದು ಚೂರು ಬಟ್ಟೆಯನ್ನೂ ಕತ್ತರಿಸಬೇಕಿಲ್ಲ. ಗೋಪುರಗಳನ್ನು ಕೂರಿಸಿದ ಮೇಲ್ಪದರದ ಬಟ್ಟೆಯೇ ಅದನ್ನು ತೋರಿಸುತ್ತದೆ.

(ಸೊನ್ನೆಯ ವಿಷಯದಲ್ಲಿ ಆಚಾರ್ಯರು ಒಂದು ಕಡೆ ಎಡವಿದ್ದಾರೆ. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗುವುದಿಲ್ಲ ಎಂದಿದ್ದಾರೆ. ನಮ್ಮ ಕೌದಿಗೆ ಅದರಿಂದ ಬಾಧೆಯಿಲ್ಲ.)

ಅಳತೆ

ಒಂದು ಚೌಕ 4 ಸೆಂಟಿಮೀಟರ್ ಎಂದು ಹಿಡಿಯಿರಿ. ಬಟ್ಟೆ ತೀರಾ ತೆಳುವಾಗಿರದಿದ್ದರೆ, ಅದಕ್ಕಿಂತ ಚಿಕ್ಕ ಚೌಕದಲ್ಲಿ ಮಡಿಕೆ ದಪ್ಪವಾಗಿ ಸೂಜಿ ಇಳಿಯುವುದಿಲ್ಲ. ಗೋಪುರದ ಎತ್ತರ 6 ಚೌಕ, ಅಂದರೆ 24 ಸೆಂ.ಮೀ. ಸೊನ್ನೆ ಕಂಬವೂ ಸೇರಿ ಒಂದು ಗೋಪುರದ ಪಾಲಿಗೆ ಬರುವ ಅಗಲ 12 ಚೌಕ, 48 ಸೆಂ.ಮೀ.

ನಾಲ್ಕು ಮೂಲೆಗೂ 6 × 6 ಚೌಕದ ಒಂದೊಂದು ತುಂಡು. ತಲೆ ಮತ್ತು ಕಾಲಿನ ಕಡೆ ಎರಡೆರಡು ಗೋಪುರ, ಪಕ್ಕಗಳಲ್ಲಿ ಮೂರು ಮೂರು, ಒಟ್ಟು ಹತ್ತು. ಅಗಲ 6 + 24 + 6 = 36 ಚೌಕ, ಉದ್ದ 6 + 36 + 6 = 48 ಚೌಕ. ಕೌದಿ 144 × 192 ಸೆಂ.ಮೀ. ಆಗುತ್ತದೆ, ಒಬ್ಬರಿಗೆ ಧಾರಾಳ. ಪ್ರತಿ ಬದಿಯಲ್ಲೂ ಸೊನ್ನೆ ಕಂಬವನ್ನು ಸಮನಾಗಿ ಹಂಚಿಕೊಳ್ಳಿ: ಮೂಲೆಯ ಪಕ್ಕ ಅರ್ಧ (2 ಸೆಂ.ಮೀ.), ಗೋಪುರಗಳ ನಡುವೆ ಒಂದು (4 ಸೆಂ.ಮೀ.), ಆಚೆಯ ಮೂಲೆಗೆ ಮತ್ತೆ ಅರ್ಧ. ಈ ಅರ್ಧವನ್ನು ಮರೆತರೆ ಕೊನೆಯ ಗೋಪುರ ಮೂಲೆಗೆ ಹೋಗಿ ಡಿಕ್ಕಿ ಹೊಡೆಯುತ್ತದೆ.

ಬಟ್ಟೆ ಆರಿಸುವುದು

ಹತ್ತಿ, ಹತ್ತಿ, ಹತ್ತಿ. ಪಾಲಿಯೆಸ್ಟರ್ ಸೀರೆ ಎಷ್ಟೇ ಹೊಳೆದರೂ ಬೇಡ. ಹತ್ತಿಯ ಜೊತೆ ಸೇರಿಸಿದರೆ ಮೊದಲ ಒಗೆತಕ್ಕೇ ಒಂದು ಕುಗ್ಗಿ ಇನ್ನೊಂದು ಉಬ್ಬುತ್ತದೆ, ಮೆಟ್ಟಿಲು ಸೊಟ್ಟಗಾಗುತ್ತದೆ. ಹೊಸ ಬಟ್ಟೆ ಬಳಸುವುದಿದ್ದರೆ ಮೊದಲೇ ಒಮ್ಮೆ ನೆನೆಸಿ ಒಣಗಿಸಿ. ಒದ್ದೆಯಾಗಿರುವಾಗಲೇ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಅದನ್ನು ಒಳಪದರಕ್ಕೆ ಹಾಕಿ.

ಅಡಿಗೆ, ಒಳಗೆ, ಮೇಲೆ ಎಂದು ಮೂರು ಪದರ ಸಾಕು. ಒಳಪದರ ಹಳೆಯದಾದಷ್ಟೂ ಕೌದಿ ಮೆತ್ತಗಿರುತ್ತದೆ. ಸೀರೆಯ ಅಗಲ ಸಾಮಾನ್ಯವಾಗಿ 110 ಸೆಂ.ಮೀ. ಆಸುಪಾಸು ಇರುವುದರಿಂದ ಪ್ರತಿ ಪದರದಲ್ಲೂ ಒಂದು ಜೋಡಣೆ ಬರುತ್ತದೆ. ಮೂರೂ ಜೋಡಣೆ ಒಂದರ ಮೇಲೊಂದು ಬೀಳದಂತೆ ಸರಿಸಿ. ಹೊಲಿಗೆ ಬಿದ್ದಂತೆ ಕೌದಿ ಕುಗ್ಗುತ್ತದೆ, ಅಂಚನ್ನೂ ಮಡಚಬೇಕು. ಹಾಗಾಗಿ ಸುತ್ತಲೂ 4 ಸೆಂ.ಮೀ. ಹೆಚ್ಚು ಬಿಟ್ಟು 152 × 200 ಕತ್ತರಿಸಿಕೊಳ್ಳಿ.

ಗೋಪುರಗಳಿಗೆ ಉಡಿ ತುಂಬಿಸಿಕೊಂಡು ಬಂದ ಖಣಗಳು ಪ್ರತಿ ಮನೆಯ ಟ್ರಂಕಿನಲ್ಲೂ ಬಿದ್ದಿರುತ್ತವೆ. ಸಾಲದಿದ್ದರೆ ದರ್ಜಿ ಅಂಗಡಿಯ ತುಂಡುಗಳು. ಬಣ್ಣದ ಬಗ್ಗೆ ನಾನು ಹಟಮಾರಿ: ಹತ್ತು ಗೋಪುರ ಹತ್ತು ಬಣ್ಣವಾಗಲಿ, ಆದರೆ ಎಲ್ಲವೂ ಗಾಢವಾಗಿರಲಿ, ಮೇಲ್ಪದರ ತಿಳಿಯಾಗಿರಲಿ. ಒಂದೇ ಗೋಪುರದೊಳಗೆ ಆರು ಬಣ್ಣ ತುಂಬಿದರೆ ಆಕಾರ ಕರಗಿ ಹೋಗುತ್ತದೆ. ನಡುವಿನ ಭಾಗಕ್ಕೆ (24 × 36 ಚೌಕ, 96 × 144 ಸೆಂ.ಮೀ.) ಮೂರನೆಯದೊಂದು ಬಣ್ಣ ಬೇಕೇ ಬೇಕು. ಮೇಲ್ಪದರದ ಬಣ್ಣವನ್ನೇ ಅಲ್ಲೂ ಬಿಟ್ಟರೆ ತಲೆಕೆಳಗಾದ ಗೋಪುರಗಳು ನಡುವಿನೊಂದಿಗೆ ಬೆರೆತು ಕಾಣದಾಗುತ್ತವೆ.

ಕತ್ತರಿಸುವುದು, ಮಡಚುವುದು

ಮೂವತ್ತಾರು ಚೌಕ ಕತ್ತರಿಸಬೇಡಿ. ಆರು ಪಟ್ಟಿ ಸಾಕು. ಮಡಿಕೆಗೆ ಪ್ರತಿ ಬದಿ 1 ಸೆಂ.ಮೀ. ಸೇರಿಸಿ ಎಲ್ಲ ಪಟ್ಟಿಗಳ ಅಗಲ 6 ಸೆಂ.ಮೀ. ಉದ್ದ ಹೀಗೆ: 46, 38, 30, 22, 14, 6. ಒಂದು ಗೋಪುರಕ್ಕೆ ಒಟ್ಟು 156 ಸೆಂ.ಮೀ. ಉದ್ದದ ಪಟ್ಟಿ. ಒಂದು ಮೀಟರ್ ಪಟ್ಟಿಯಲ್ಲಿ 46, 38, 14 ಸೇರಿ 98 ಆಗುತ್ತದೆ, ಬಟ್ಟೆ ಹಾಳಾಗುವುದಿಲ್ಲ. ಮೂಲೆಯ ತುಂಡುಗಳು 26 × 26, ನಡುವಿನ ಬಟ್ಟೆ 98 × 146.

ಹಳೆಯ ಲಗ್ನಪತ್ರಿಕೆಯ ಗಟ್ಟಿ ಕಾಗದದಲ್ಲಿ 4 ಸೆಂ.ಮೀ. ಅಗಲದ ಅಚ್ಚು ಮಾಡಿಕೊಳ್ಳಿ. ಪಟ್ಟಿಯ ಉಲ್ಟಾ ಮಗ್ಗುಲಿನಲ್ಲಿ ಅದನ್ನಿಟ್ಟು, ನಾಲ್ಕೂ ಬದಿಯ ಬಟ್ಟೆಯನ್ನು ಅದರ ಮೇಲೆ ಮಡಚಿ ಇಸ್ತ್ರಿ ಒತ್ತಿ, ನಂತರ ಅಚ್ಚನ್ನು ಎಳೆದುಕೊಳ್ಳಿ. ಮಡಿಕೆ ಕತ್ತಿಯ ಅಂಚಿನಂತೆ ನಿಲ್ಲುತ್ತದೆ. ಉದ್ದದ ಪಟ್ಟಿಗೆ ಅಚ್ಚನ್ನು ಸರಿಸುತ್ತಾ ಹೋದರೆ ಆಯಿತು.

ಹಾಸುವುದು

ಶಹಾಬಾದ ಕಲ್ಲಿನ ನೆಲವಿದ್ದರೆ ಅರ್ಧ ಕೆಲಸ ಮುಗಿದಂತೆ. ಪರಸಿಗಳ ಸಂದಿಗೆರೆಗೆ ಬಟ್ಟೆಯ ಅಂಚನ್ನು ಹೊಂದಿಸಿ ಹಾಸಿ, ನಾಲ್ಕು ಕಡೆ ಭಾರ ಇಡಿ. ಮೂರು ಪದರ ಹಾಸಿದ ಮೇಲೆ ಒಣಗಿದ ಸೋಪಿನ ಚೂರಿನಿಂದ ಮೇಲ್ಪದರದಲ್ಲಿ ಗೆರೆ ಎಳೆಯಿರಿ: ಮೊದಲು ಹೊರಗಿನ ಚೌಕಟ್ಟು, ಅದರಿಂದ 24 ಸೆಂ.ಮೀ. ಒಳಗೆ ಇನ್ನೊಂದು. ಒಳಚೌಕಟ್ಟಿಗೆ ನಡುವಿನ ಬಟ್ಟೆ, ಮೂಲೆಗಳಿಗೆ ಮೂಲೆಯ ತುಂಡು.

ಗೋಪುರದ ಬುಡ ಹೊರಗಿನ ಅಂಚಿಗೆ, ತುದಿ ಒಳಕ್ಕೆ. ಉದ್ದದ ಪಟ್ಟಿಯ ನಟ್ಟನಡುವೆ ಒಂದು ಗುಂಡುಸೂಜಿ ಚುಚ್ಚಿ, ಉಳಿದ ಐದು ಪಟ್ಟಿಗಳ ನಡುವನ್ನೂ ಅದೇ ಗೆರೆಗೆ ಹೊಂದಿಸಿ. ಎರಡೂ ಕಡೆ ಮೆಟ್ಟಿಲು ಸರಿಯಾಗಿ ಒಂದೊಂದು ಚೌಕ ಬಂದಿದ್ದರೆ ಅಳೆಯುವ ಅಗತ್ಯವೇ ಇಲ್ಲ. ಎಲ್ಲವನ್ನೂ ಉದ್ದುದ್ದ ಟಾಕು ಹಾಕಿ ಹಿಡಿಸಿ. ಈ ಕಚ್ಚಾ ಹೊಲಿಗೆಯಲ್ಲಿ ಆಲಸ್ಯ ಮಾಡಿದರೆ ಮುಂದೆ ಪದರಗಳು ಜಾರಿ ಕಾಡುತ್ತವೆ.

ನಡುವೆ ಏನಿರಬೇಕು?

ಬೋಳಾಗಿ ಬಿಟ್ಟರೂ ನಡೆಯುತ್ತದೆ. ನನ್ನ ಮನಸ್ಸಿಗೆ ಒಪ್ಪುವುದು ಹಾರ ಹುಟ್ಟಿದ ಆ ಗುಣಾಕಾರವನ್ನೇ ಅಲ್ಲಿ ಇಡುವುದು. 26 ಸೆಂ.ಮೀ. ಉದ್ದದ ಆರು ಪಟ್ಟಿಗಳು, ಆರು ಬಣ್ಣ, ಮಡಚಿದ ಮೇಲೆ ತಲಾ 24 × 4. ಒಂದರ ಕೆಳಗೊಂದು, ಪ್ರತಿಯೊಂದೂ 4 ಸೆಂ.ಮೀ. ಎಡಕ್ಕೆ. ಒಟ್ಟು ಅಗಲ 44 ಸೆಂ.ಮೀ., ಅಂದರೆ ಗೋಪುರದ ಬುಡದಷ್ಟೇ. ಎಡಬಲಕ್ಕೆ 26, ಮೇಲೆ ಕೆಳಗೆ 60 ಸೆಂ.ಮೀ. ಬಿಟ್ಟರೆ ಸರಿಯಾಗಿ ಮಧ್ಯಕ್ಕೆ ಕೂರುತ್ತದೆ. ಕೌದಿ ಹೊದ್ದು ಮಲಗುವ ಹುಡುಗನೋ ಹುಡುಗಿಯೋ ಓರೆ ಪಟ್ಟಿಯ ಕಂಬಗಳನ್ನು ಬೆರಳಿಟ್ಟು ಎಣಿಸಿದರೆ ಅಂಚಿನ ಗೋಪುರಗಳು ಎಲ್ಲಿಂದ ಬಂದವು ಎಂಬುದು ಯಾರೂ ಹೇಳದೆ ತಿಳಿಯುತ್ತದೆ.

ಹೊಲಿಗೆ ಮತ್ತು ಮೂಲೆಯ ಸೊಬಗು

ದಪ್ಪ ಹತ್ತಿ ದಾರ, ಎರಡು ಎಳೆ. ಹೊರಗಿನ ಒಂದು ಮೂಲೆಯಿಂದ ಆರಂಭಿಸಿ ಅಂಚಿಗೆ ಸಮಾನಾಂತರವಾಗಿ ಸುತ್ತು ಹಾಕುತ್ತಾ ಒಳಕ್ಕೆ ಬನ್ನಿ. ಪ್ರತಿ 4 ಸೆಂ.ಮೀ. ಪಟ್ಟಿಗೆ ಮೂರು ಸಾಲು ಹೊಲಿಗೆ: ಎರಡು ಅಂಚುಗಳಿಗೆ ತಾಗಿದಂತೆ, ಒಂದು ನಡುವೆ. ಗೋಪುರ ಮುಗಿದು ಖಾಲಿ ಜಾಗ ಬಂದಾಗಲೂ ಸಾಲನ್ನು ನಿಲ್ಲಿಸದೆ ಮುಂದುವರಿಸಿ.

ಮೂಲೆಯ ತುಂಡಿಗೆ ಬಂದಾಗ ಕೈ ನಿಲ್ಲಿಸಿ ನೋಡಿ. ಸಾಲು ಅಲ್ಲಿ ಮಡಚಿ ಲಂಬವಾಗಿ ತಿರುಗುತ್ತದೆ. 6 × 6 ಚೌಕದ ತುಂಡಿನಲ್ಲಿ ಅತಿ ಹೊರಗಿನ ತಿರುವು ಎಷ್ಟು ಚೌಕಗಳನ್ನು ದಾಟುತ್ತದೆ? ಒಂದು ಕಡೆ ಆರು, ಇನ್ನೊಂದು ಕಡೆ ಆರು, ಮೂಲೆಯದು ಎರಡಕ್ಕೂ ಸೇರಿದ್ದು, ಆದ್ದರಿಂದ 11. ಅದರ ಒಳಗಿನ ತಿರುವು 9. ಆಮೇಲೆ 7, 5, 3, ಕೊನೆಗೆ 1. ಅಂದರೆ ಗೋಪುರದ ಬುಡದ ಹನ್ನೊಂದನ್ನು ಹೊಲಿದ ಸಾಲೇ ಮೂಲೆಯಲ್ಲಿ ಹನ್ನೊಂದಾಗಿ ತಿರುಗುತ್ತದೆ, ಒಂಬತ್ತನ್ನು ಹೊಲಿದ ಸಾಲು ಒಂಬತ್ತಾಗಿ. ನಾವು ಯೋಜಿಸಿ ಕೂಡಿಸಿದ್ದಲ್ಲ ಇದು. ಬೆಸ ಸಂಖ್ಯೆಗಳನ್ನು ಕೂಡಿದರೆ ವರ್ಗ ಬರುತ್ತದೆ ಎಂಬ ಮಾತಿಗೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ. ತೊಗರಿಕಾಳಿನ ಗೋಪುರದ ಪ್ರತಿ ಸಾಲನ್ನೂ ನಡುವೆ ಮುರಿದು ಒಂದರೊಳಗೊಂದು ಕೂರಿಸಿದರೂ ಇದೇ ಕಾಣುತ್ತದೆ. ಮೂಲೆಗಳಲ್ಲಿ ಮಾತ್ರ ದಾರದ ಬಣ್ಣ ಬದಲಿಸಿ, ಕೆಂಪು ಬಟ್ಟೆಗೆ ಹಳದಿ ದಾರದಂತೆ, ತಿರುವುಗಳು ಎದ್ದು ಕಾಣುತ್ತವೆ.

15151ರ ಹಾರವನ್ನು ಹೊಲಿಗೆಯ ಸಾಲುಗಳ ಅಂತರಕ್ಕೆ ಬಳಸುವ ಆಸೆ ಬರಬಹುದು: ಒಂದು ಬೆರಳು ಬಿಟ್ಟು ಒಂದು ಸಾಲು, ಐದು ಬೆರಳು ಬಿಟ್ಟು ಇನ್ನೊಂದು. ನೋಡಲು ಚೆಂದ, ಬಾಳಿಕೆಗೆ ಕೆಟ್ಟದ್ದು. ಐದು ಬೆರಳಿನ ಸಂದಿಯಲ್ಲಿ ಒಳಪದರದ ಹಳೆಯ ಬಟ್ಟೆ ಒಗೆದಾಗ ಮುದ್ದೆಯಾಗುತ್ತದೆ. ಎಲ್ಲ ಹಾರವೂ ಎಲ್ಲ ಕೊರಳಿಗೂ ಒಪ್ಪುವುದಿಲ್ಲ.

ಅಂಚಿಗೆ ಇನ್ನೊಂದು ಹಾರ

11000011000011 ಅಂಚಿಗಾಗಿಯೇ ಹುಟ್ಟಿದ ಸಂಖ್ಯೆ. ಒಂದು ಇದ್ದಲ್ಲಿ ತ್ರಿಕೋನ, ಸೊನ್ನೆ ಇದ್ದಲ್ಲಿ ಬರಿಯ ಅಂಚು: ಎರಡು ತ್ರಿಕೋನ, ನಾಲ್ಕು ಖಾಲಿ, ಎರಡು ತ್ರಿಕೋನ. ಆರು ಚೌಕಕ್ಕೊಮ್ಮೆ ಮರುಕಳಿಸುವ ಈ ಸಾಲನ್ನು ನಮ್ಮ ಬದಿಗಳಿಗೆ 001100 ಎಂದು ಒಡೆದುಕೊಳ್ಳಿ. 36ರ ಬದಿಯಲ್ಲಿ ಆರು ಬಾರಿ, 48ರ ಬದಿಯಲ್ಲಿ ಎಂಟು ಬಾರಿ, ಯಾವ ಕಡೆಯಿಂದ ಓದಿದರೂ ಅದೇ. ಒಟ್ಟು 56 ತ್ರಿಕೋನ.

6 ಸೆಂ.ಮೀ. ಚೌಕವನ್ನು ಕರ್ಣಕ್ಕೆ ಮಡಚಿ, ಮತ್ತೊಮ್ಮೆ ಅರ್ಧಕ್ಕೆ ಮಡಚಿದರೆ 6 ಸೆಂ.ಮೀ. ಬುಡದ ತ್ರಿಕೋನ ಸಿಗುತ್ತದೆ. ಮೂರೂ ಪದರದ ಹೆಚ್ಚುವರಿ ಬಟ್ಟೆಯನ್ನು ಗೆರೆಗೆ ಒಳಮುಖವಾಗಿ ಮಡಚಿ, ತ್ರಿಕೋನದ ಬುಡವನ್ನು 1 ಸೆಂ.ಮೀ. ಒಳಗೆ ತೂರಿಸಿ ಹೊಲಿಯಿರಿ. ಹೊರಗೆ ಕಾಣುವುದು ಸರಿಯಾಗಿ 4 ಸೆಂ.ಮೀ., ಒಂದು ಚೌಕದಷ್ಟು. ಜೋಡಿ ತ್ರಿಕೋನಗಳ ಬುಡಗಳು ಒಳಗೆ ಒಂದರ ಮೇಲೊಂದು ಬರುವುದು ಸಹಜ.

ಹೊದೆಯುವ ಕೌದಿಗೆ ಬಟ್ಟೆಯ ತ್ರಿಕೋನವೇ ಸರಿ. ಗೋಡೆಗೋ ಬಾಗಿಲಿಗೋ ತೂಗುಹಾಕುವ ಪಟ್ಟಿಯಾದರೆ ಒಂದರ ಜಾಗಕ್ಕೆ ಕವಡೆ ಅಥವಾ ಕನ್ನಡಿ ಬರಲಿ. ಅದು ಲಂಬಾಣಿ ಕಸೂತಿಯ ಸೀಮೆ. ನಮ್ಮ ಕಡೆಯ ತಾಂಡಾಗಳಲ್ಲಿ ಫೇಟಿಯಾ (ಲಂಗ), ಕಾಂಚಳಿ (ರವಿಕೆ)ಗಳ ಮೇಲೆ ಕನ್ನಡಿ ಕೂರಿಸುವ ಕೈಗಳು ಇನ್ನೂ ಇವೆ. ಗೊತ್ತಿಲ್ಲದೆ ತಿಣುಕುವ ಬದಲು ಅವರಿಗೆ ಕೂಲಿ ಕೊಟ್ಟು ಕಲಿಯಿರಿ ಅಥವಾ ಮಾಡಿಸಿ. ಸಂಖ್ಯೆಯ ಸಾಲನ್ನು ಕಾಗದದಲ್ಲಿ ಬರೆದು ಒಯ್ದರೆ ಸಾಕು, ಎಣಿಸಿ ಹೊಲಿಯುವುದು ಅವರಿಗೆ ಹೊಸದೇನಲ್ಲ. ಮಾರುವ ಉದ್ದೇಶವಿದ್ದರೆ ಒಂದು ಎಚ್ಚರಿಕೆ: ಭೌಗೋಳಿಕ ಗುರುತಿನ ನೋಂದಣಿ ಇರುವುದು ಸಂಡೂರು ಲಂಬಾಣಿ ಕಸೂತಿಗೆ. ಕಲಬುರಗಿಯಲ್ಲಿ ಹೊಲಿದದ್ದಕ್ಕೆ ಆ ಹೆಸರು ಅಂಟಿಸಬೇಡಿ.

ಬೇರೆ ಗಾತ್ರ ಬೇಕಿದ್ದರೆ

ಕೂಸಿನ ಕೌದಿಗೆ ಆರರ ಬದಲು ನಾಲ್ಕು ಒಂದುಗಳನ್ನು ಹಿಡಿಯಿರಿ. 1111ರ ವರ್ಗ 1234321. ಗೋಪುರದ ಸಾಲುಗಳು 7, 5, 3, 1. ಸೊನ್ನೆ ಸೇರಿ ಅಗಲ 8, ಮೂಲೆ 4 × 4. ಎರಡು ಮತ್ತು ಮೂರು ಗೋಪುರಗಳ ಅದೇ ಲೆಕ್ಕದಲ್ಲಿ ಕೌದಿ 24 × 32 ಚೌಕ, ಅಂದರೆ 96 × 128 ಸೆಂ.ಮೀ. ಆಗುತ್ತದೆ. ಅಂಚಿನ ಹಾರ ಮಾತ್ರ ಇಲ್ಲಿ ಎಲ್ಲ ಬದಿಗೂ ಹೊಂದುವುದಿಲ್ಲ. 24 ಆರರಿಂದ ಭಾಗವಾಗುತ್ತದೆ, 32 ಆಗುವುದಿಲ್ಲ. ಉದ್ದದ ಬದಿಗಳನ್ನು ಬರಿದೇ ಬಿಡಿ, ಅಥವಾ 0110 ಎಂದು ಕಿರಿದು ಮಾಡಿಕೊಳ್ಳಿ.

ಜೋಡಿ ಮಂಚಕ್ಕೆ ಒಂಬತ್ತು ಒಂದುಗಳು, ಚೌಕ 3 ಸೆಂ.ಮೀ.ಗೆ ಇಳಿಸಿ. 111111111ರ ವರ್ಗ 12345678987654321, ಕೌದಿ 54 × 72 ಚೌಕ, 162 × 216 ಸೆಂ.ಮೀ. ಚೌಕ ಚಿಕ್ಕದಾದ್ದರಿಂದ ಮೆತ್ತನೆಯ, ತೆಳುವಾದ ಬಟ್ಟೆಯೇ ಬೇಕು. ಅಂಕಿಗಳಲ್ಲಿ ಬರೆಯುವ ಹಾರ ಇಲ್ಲಿಗೆ ಮುಗಿಯಿತು. ಹತ್ತು ಒಂದುಗಳ ವರ್ಗ ಮಾಡಿದರೆ ನಡುವಿನ ಕಂಬ ಹತ್ತು ಮುಟ್ಟಿ ದಶಕ ಪಕ್ಕಕ್ಕೆ ದಾಟುತ್ತದೆ. ಉತ್ತರ 1234567900987654321, ನಡುವೆ ಎರಡು ಸೊನ್ನೆ ಬಂದು ಹಾರ ಹರಿಯುತ್ತದೆ. ಬಟ್ಟೆಯಲ್ಲಿ ದಶಕ ದಾಟುವ ತೊಂದರೆಯಿಲ್ಲ. ಬುಡ 19, ಎತ್ತರ 10, ಸೊನ್ನೆ ಸೇರಿ ಅಗಲ 20 ಎಂದು ಹಿಡಿದು ಹತ್ತರ ಗೋಪುರವನ್ನೂ ನಿಲ್ಲಿಸಬಹುದು, ಮೂಲೆಯ ತುಂಡು ಆಗ 10 × 10.